ಕತ್ತಲ ಕೋಣೆಯ ಕೆಂಡ

ಹೊರಗೆ ಅಂಗಳದಲ್ಲಿ ಯಾರೋ ಹತ್ತಿಯಣ್ಣನನ್ನು ಬೈಯುತ್ತಿದ್ದರು. ಕೆಂಡಕ್ಕ ಒಳಗೆ ಕತ್ತಲಲ್ಲಿ ಕೂತು ಮೊಟ್ಟೆ ನೋಡುತ್ತಿದ್ದಳು. ಬೈಗುಳ ಒಂದೊಂದೂ ಗೋಡೆ ದಾಟಿ ಬಂದು ಅವಳ ಕಿವಿಗೆ ಬೀಳುತ್ತಿತ್ತು. ಅದಕ್ಕೆ ಕೊಡಬೇಕಾದ ಉತ್ತರ ಅವಳ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಹತ್ತಿಯಣ್ಣ ಮಾತ್ರ ತನ್ನ ಎಂದಿನ ಮಾತನ್ನೇ ಹೇಳುತ್ತಿದ್ದ: “ಆಗ್ಲಿ, ನೋಡೋಣ.”

“ಏನ್ ನೋಡ್ತೀಯೋ, ನಿನ್ನ ತಲೆ!” ಎಂದು ಅವಳು ಕತ್ತಲಿಗೆ ಹೇಳಿದಳು. ಕತ್ತಲು ಏನು ಹೇಳೀತು? ಮೂರು ವರ್ಷದಿಂದ ಅದು ಅವಳಿಗೆ ಒಂದು ಮಾತಿಗೂ ಎದುರುತ್ತರ ಕೊಟ್ಟಿರಲಿಲ್ಲ.

ಅದು ಹ್ಯಾಚರಿ. ಯಂತ್ರದಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿ, ಸುತ್ತಲ ಊರುಗಳ ಕೋಳಿ ಸಾಕುವವರಿಗೆ ಮಾರುವ ಜಾಗ. ಊರ ಹೊರಗೆ, ಹೊಲಗಳ ನಡುವೆ, ತಗಡಿನ ಸೂರಿನ ಉದ್ದನೆಯ ಕಟ್ಟಡ. ಮೊಟ್ಟೆ ಯಂತ್ರದಿಂದ ಯಂತ್ರಕ್ಕೆ ಹೋಗುವ ದಾರಿಯಲ್ಲಿ ಈ ಕತ್ತಲ ಕೋಣೆ. ಕಿಟಕಿಯಿಲ್ಲ. ಮೇಜಿನೊಳಗೆ ಒಂದು ದೀಪ, ಮೇಲೆ ಗಾಜು. ಮೊಟ್ಟೆಯ ತಟ್ಟೆಯನ್ನು ಗಾಜಿನ ಮೇಲಿಟ್ಟರೆ ಜೀವ ಇರುವ ಮೊಟ್ಟೆ ಕಪ್ಪಗೆ, ತುಂಬಿಕೊಂಡಂತೆ ಕಾಣುತ್ತದೆ. ಜೊಳ್ಳು ಮೊಟ್ಟೆ ಹಳದಿಯಾಗಿ, ಬರಿದಾಗಿ ಹೊಳೆಯುತ್ತದೆ. ಹೊಳೆಯುವುದನ್ನು ಆರಿಸಿ ಬುಟ್ಟಿಗೆ ಹಾಕಬೇಕು, ಕಪ್ಪಗಿರುವುದನ್ನು ಮುಂದಕ್ಕೆ ತಳ್ಳಬೇಕು. ಕೆಲಸ ಇಷ್ಟೇ. ಬೆಳಿಗ್ಗೆಯಿಂದ ಸಂಜೆವರೆಗೂ ಇಷ್ಟೇ.

ಮೊದಲು ಅವಳು ಅಂಗಳದಲ್ಲಿದ್ದಳು. ಮರಿ ಒಯ್ಯಲು ಬಂದವರ ಜೊತೆ ಮಾತು, ಜಗಳ, ಡಬ್ಬ ಏರಿಸುವುದು, ಡ್ರೈವರುಗಳಿಗೆ ಗದರುವುದು. ಒಂದು ದಿನ ಒಬ್ಬ ಡ್ರೈವರು ಗಾಳಿತೂತು ಮುಚ್ಚಿಹೋಗುವ ಹಾಗೆ ಮರಿಡಬ್ಬ ಒತ್ತೊತ್ತಿ ಪೇರಿಸಿದ. ಇವಳು ಅವನ ಗಾಡಿಯ ಕೀಲಿಕೈ ಕಿತ್ತುಕೊಂಡು ನೀರಿನ ತೊಟ್ಟಿಗೆ ಎಸೆದಳು. ಅವನು ಮಾಲೀಕರ ತಂಗಿಯ ಗಂಡನಂತೆ. ಮ್ಯಾನೇಜರು ಅವಳನ್ನು ಕರೆದು, ಬಹಳ ಮೃದುವಾಗಿ, “ಕೆಂಡಕ್ಕಾ, ನಿಂಗೆ ಜನ ಆಗಿಬರಲ್ಲ. ಒಳಗೆ ನೆರಳಲ್ಲಿ ಕೂತ್ಕೋ. ತಲೆ ತಣ್ಣಗಾಗ್ಲಿ,” ಎಂದಿದ್ದರು. ಅವಳ ಜಾಗಕ್ಕೆ, ಇರುವೆಯನ್ನೂ ‘ದಾರಿ ಬಿಡಪ್ಪಾ’ ಎಂದು ಕೇಳಿಕೊಳ್ಳುವ ಹತ್ತಿಯಣ್ಣನನ್ನು ಹಾಕಿದರು. ಮೆತ್ತಗೆ ಮಾತಾಡುವವನು, ಗಿರಾಕಿಗಳ ಮನಸ್ಸು ನೋಯಿಸುವುದಿಲ್ಲ ಎಂದು ಅವರ ಲೆಕ್ಕ.

ನಿನಗೆ ಜನ ಆಗಿಬರಲ್ಲ. ಆ ಮಾತನ್ನು ಅವಳು ನಂಬಿದಳು. ನಂಬಿದ್ದಕ್ಕೆ ತಕ್ಕ ಹಾಗೆ ಕೆಲಸವನ್ನೂ ಕಲಿತಳು. ಕಣ್ಣು ತಪ್ಪುತ್ತಿರಲಿಲ್ಲ. ಅದೇ ಕುತ್ತಿಗೆಗೆ ಬಂತು. ಎರಡು ಸಲ ಹೋಗಿ, “ಸರ್, ನನ್ನ ಹೊರಗೆ ಹಾಕಿ,” ಎಂದು ಕೇಳಿದಳು. ಎರಡು ಸಲವೂ ಒಂದೇ ಉತ್ತರ: “ಇಷ್ಟು ಚೆನ್ನಾಗಿ ಮಾಡ್ತೀಯಲ್ಲ, ಯಾಕೆ ಬಿಡ್ತೀಯ?” ಕೈಗೆ ಹತ್ತಿದ್ದೆಲ್ಲ ಮನಸ್ಸಿಗೂ ಹತ್ತಿರುತ್ತದೆ ಎಂದುಕೊಂಡವರಿಗೆ ಏನು ಹೇಳುವುದು?

ಹೋದ ವಾರ ಪಟ್ಟಣದಿಂದ ಒಬ್ಬ ತರಬೇತಿಯವನು ಬಂದಿದ್ದ. ಎಲ್ಲರನ್ನೂ ಊಟದ ಕೋಣೆಯಲ್ಲಿ ಕೂರಿಸಿದ. ಪ್ರತಿಯೊಬ್ಬರಿಗೂ ಒಂದು ಕೆಲಸದ ಸ್ವಭಾವ ಇರುತ್ತದೆ, ಅದು ತಿಳಿದರೆ ಕೆಲಸದಲ್ಲಿ ಉಸಿರು ಕಟ್ಟಿದಂತಾಗುವುದಿಲ್ಲ ಎಂದ. ಮಾತು ಚೆನ್ನಾಗಿತ್ತು. ಕೆಂಡಕ್ಕ ಕೂಡ ಕಿವಿ ಕೊಟ್ಟಳು. ಆಮೇಲೆ ಅವನು ಬಣ್ಣದ ರಿಬ್ಬನ್ನು ತೆಗೆದ. ಕೆಂಪಿನವರು ಜನರ ನಡುವೆ ಅರಳುವವರು, ನೀಲಿಯವರು ಒಂಟಿಯಾಗಿ, ಶಾಂತವಾಗಿ ದುಡಿಯುವವರು. ಕೆಂಡಕ್ಕನ ಸರದಿ ಬಂದಾಗ ಅವನು ಅವಳ ಮುಖ ನೋಡಲಿಲ್ಲ, ಮ್ಯಾನೇಜರ ಮುಖ ನೋಡಿದ.

“ಇವರ ಕೆಲಸ?”

“ಕತ್ತಲ ಕೋಣೆ. ಮೂರು ವರ್ಷ ಆಯ್ತು, ಒಂದು ತಪ್ಪಿಲ್ಲ.”

“ಹಾಗಾದ್ರೆ ನೀಲಿ,” ಎಂದು ಅವಳ ಕೈಗೆ ನೀಲಿ ರಿಬ್ಬನ್ನು ಕೊಟ್ಟ. ಅಂಗಳದ ಹತ್ತಿಯಣ್ಣನಿಗೆ ಕೆಂಪು.

ಕೋಣೆಗೆ ಕೋಣೆಯೇ ನಕ್ಕಿತು. “ಕೆಂಡಕ್ಕ ತಣ್ಣಗಾದ್ಲು, ಹತ್ತಿಗೆ ಬೆಂಕಿ ಬಿತ್ತು!” ಎಂದು ಡಬ್ಬ ಕಟ್ಟುವವಳೊಬ್ಬಳು ಕೂಗಿದಳು. ಹತ್ತಿಯಣ್ಣ ಕೆಂಪು ರಿಬ್ಬನ್ನನ್ನು ಕಚ್ಚುವ ಹುಳುವನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ. ಕೆಂಡಕ್ಕ ಎದ್ದುಹೋಗಿ ತನ್ನದನ್ನು ಕತ್ತಲ ಕೋಣೆಯ ಪೊರಕೆಗೆ ಕಟ್ಟಿದಳು.

ಆದರೆ ತರಬೇತಿಯವನು ಕೇಳಿದ ಒಂದು ಪ್ರಶ್ನೆ ಮುಳ್ಳಿನ ಹಾಗೆ ಒಳಗೆ ಉಳಿಯಿತು. ‘ಯಾವ ಕೆಲಸ ಮಾಡಿ ಮನೆಗೆ ಹೋದಾಗ ಮೈ ದಣಿದಿದ್ದರೂ ಮನಸ್ಸು ಹಗುರಾಗಿರುತ್ತದೆ?’ ಅವಳು ಆಗ, “ಕೆಲಸ ಅಂದ್ಮೇಲೆ ಹಗುರ ಎಲ್ಲಿಂದ ಬರ್ತದೆ?” ಎಂದು ಮೂತಿ ತಿರುಗಿಸಿದ್ದಳು.

ಆ ಸಂಜೆ ಮನೆಯಲ್ಲಿ ಕೊಡ ಸ್ವಲ್ಪ ಓರೆಯಾಗಿತ್ತು ಎಂಬ ಕಾರಣಕ್ಕೆ ಕೂಗಾಡಿದಳು. ಗಂಡ, ಸೈಕಲ್ ರಿಪೇರಿಯವನು, “ಒಂದು ಟೈರ್ ನೋಡ್ಬೇಕಿತ್ತು,” ಎಂದು ಹಿತ್ತಲ ಬಾಗಿಲಿಂದ ಜಾರಿಕೊಂಡ. ಆ ಮನೆಯಲ್ಲಿ ಮೂರು ವರ್ಷದಿಂದ ಸಂಜೆಯಾದರೆ ಯಾವುದೋ ಒಂದು ಟೈರಿಗೆ ತೂತು ಬೀಳುತ್ತಿತ್ತು. ಉಳಿದವಳು ಅತ್ತೆ. ಮುದುಕಿ ಮೂಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಳು, ತಲೆ ಎತ್ತಲಿಲ್ಲ.

“ಮುಗೀತಾ? ಇನ್ನೂ ಇದ್ಯಾ?”

“ನೀವೂ ಹೇಳಿ ಅತ್ತೆ. ಎಲ್ರೂ ಹೇಳ್ತಾರೆ. ನನ್ನ ಬಾಯೇ ಸರಿಯಿಲ್ಲ.”

“ನಿನ್ನ ಬಾಯಿ ಸರಿಯಿಲ್ಲ ಅಂತ ನೀನು ಈ ಮನೆಗೆ ಕಾಲಿಟ್ಟ ದಿನಾನೇ ನಂಗೆ ಗೊತ್ತು. ಆದ್ರೆ ಅಂಗಳದಲ್ಲಿದ್ದಾಗ ನೀನು ಮನೇಲಿ ಕೂಗ್ತಾ ಇರ್ಲಿಲ್ಲ ಕಣೆ. ಯಾರ್ ಯಾರಿಗೆ ಏನೇನ್ ಅಂದೆ ಅಂತ ಹೇಳಿ ಹೇಳಿ ನಗ್ತಿದ್ದೆ. ಉಣ್ತಾ ಉಣ್ತಾ ತೂಕಡಿಸ್ತಿದ್ದೆ. ಆಡು ಮೇಯಿಸಿದವಳು ನಾನು. ಮಂದೆ ಮುಂದೆ ನಡೆಯೋ ಆಡನ್ನ ಒಂಟಿಯಾಗಿ ಗೂಟಕ್ಕೆ ಕಟ್ಟಿದ್ರೆ ಅದು ದಿನವೆಲ್ಲ ಅರಚ್ತದೆ. ಅರಚೋ ಆಡು ಅಂತ ಅದನ್ನ ಮಾರ್ತಾರೆ, ಗೂಟ ಮಾತ್ರ ಕೀಳಲ್ಲ.”

ಕೆಂಡಕ್ಕ ಕೊಡವನ್ನು ತಾನೇ ನೆಟ್ಟಗೆ ಮಾಡಿದಳು.

ಈಗ, ಈ ಬೆಳಿಗ್ಗೆ, ಗೋಡೆಯಾಚೆಯ ಗದ್ದಲ ಕೇಳುತ್ತ ಅವಳಿಗೆ ಆ ಗೂಟ ನೆನಪಾಯಿತು. ಹೊರಗೆ ಎರಡು ದನಿ. ಒಂದು ಮೀಸೆಯವನದು, ದೊಡ್ಡ ಕೋಳಿ ಶೆಡ್ಡಿನವನು, ದೊಡ್ಡ ಗಂಟಲಿನವನು. ಇನ್ನೊಂದು ಬೂಟಿನ ಹೆಂಗಸಿನದು. ಮಳೆ ಬಿಸಿಲೆನ್ನದೆ ರಬ್ಬರು ಬೂಟು ಹಾಕಿಕೊಂಡು, ಒಬ್ಬಳೇ ಗಾಡಿ ಓಡಿಸಿಕೊಂಡು ಬರುವವಳು. ಇವತ್ತು ಮೊಟ್ಟೆಯೊಡೆದು ಬಂದ ಮರಿಗಳು ಒಂದೇ ಶೆಡ್ಡಿಗೆ ಆಗುವಷ್ಟು. ಇಬ್ಬರೂ ಕೇಳಿದ್ದರು. ಇಬ್ಬರಿಗೂ ಹತ್ತಿಯಣ್ಣ, ‘ಆಗ್ಲಿ, ನೋಡೋಣ’ ಎಂದಿದ್ದ. ಅವನ ಬಾಯಲ್ಲಿ ಅದು ‘ಇಲ್ಲ’ ಎನ್ನಲಾಗದವನ ಮಾತು. ಕೇಳಿದವರ ಕಿವಿಯಲ್ಲಿ ‘ಹೂಂ’ ಆಗಿತ್ತು. ಇಬ್ಬರೂ ಗಾಡಿ ತಂದು ನಿಂತಿದ್ದರು.

“ಅಣ್ಣಾ, ಅರ್ಧ ಅರ್ಧ ಮಾಡೋಣ್ವಾ...” ಎಂದ ಹತ್ತಿಯಣ್ಣನ ದನಿ ಕೇಳಿಸಿತು.

“ಅರ್ಧ ಮರಿ ತಗೊಂಡು ಅರ್ಧ ಶೆಡ್ಡಿಗೆ ಕಾವು ಕೊಡ್ಲಾ? ಗಂಡಸೇನೋ ನೀನು?” ಎಂದು ಮೀಸೆಯವನು ಗುಡುಗಿದ.

ಬಿಸಿಲೇರುತ್ತಿತ್ತು. ತೆರೆದ ಅಂಗಳದಲ್ಲಿ ಡಬ್ಬಗಳಲ್ಲಿ ಮರಿಗಳು. ಅವುಗಳ ಕೂಗು ಬದಲಾದದ್ದು ಕೆಂಡಕ್ಕನಿಗೆ ಗೊತ್ತಾಯಿತು. ಚಿಲಿಪಿಲಿ ಹೋಗಿ, ಬಾಯಿ ಬಿಟ್ಟು ಏದುಸಿರಿನ ಕೂಗು. ಇನ್ನೂ ‘ನೋಡೋಣ’ವೇ. ಅವಳ ಬೆರಳು ಬಿಗಿಯಿತು. ಕೈಯಲ್ಲಿದ್ದ ಮೊಟ್ಟೆ ಒಡೆಯಿತು.

ಕಪ್ಪು ಮೊಟ್ಟೆ. ಜೀವ ಇದ್ದದ್ದು. ಬೆಚ್ಚಗಿನ ಒದ್ದೆ ಅಂಗೈಯಿಂದ ಮಣಿಕಟ್ಟಿಗೆ ಇಳಿಯಿತು. ಮೂರು ವರ್ಷದಲ್ಲಿ ಮೊದಲ ಸಲ. ಅವಳು ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ಎದ್ದು, ಕೆಲಸದ ಹೊತ್ತಲ್ಲಿ ಯಾರೂ ತೆರೆಯಬಾರದ ಬಾಗಿಲನ್ನು ಧಡಾರನೆ ತೆರೆದು, ಅಂಗಳಕ್ಕೆ ನಡೆದಳು. ಬೆಳಕು ಕಣ್ಣಿಗೆ ಹೊಡೆಯಿತು. ಕಣ್ಣು ಕಿರಿದು ಮಾಡಿಕೊಂಡೇ ಕೂಗಿದಳು.

“ಮರಿ ನೆರಳಿಗೆ ಹಾಕ್ರೋ ಮೊದ್ಲು! ಜಗಳ ಆಮೇಲೆ ಆಡೋರಂತೆ! ನೀನು, ಮೀಸೆ ಸಾಹೇಬ, ಹಿಡಿ ಆ ಕಡೆ. ಮೀಸೆ ಏನ್ ಮಣ್ಣಾಗಲ್ಲ!”

ಮೀಸೆಯವನು ತಾನು ಯಾಕೆ ಡಬ್ಬ ಹಿಡಿದೆ ಎಂದು ತಿಳಿಯುವ ಮೊದಲೇ ಹಿಡಿದಿದ್ದ. ಡಬ್ಬಗಳು ಸೂರಿನಡಿಗೆ ಬಂದವು. ಕೆಂಡಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಇಬ್ಬರ ನಡುವೆ ನಿಂತಳು.

“ಯಾರ ಶೆಡ್ಡಲ್ಲಿ ಕಾವು ಹಚ್ಚಿದೆ?”

“ನಿನ್ನೆಯಿಂದ ಉರೀತಿದೆ,” ಎಂದಳು ಬೂಟಿನ ಹೆಂಗಸು.

“ನಿಂದು?”

“ಹೋದ ತಕ್ಷಣ ಹಚ್ತೀನಿ. ಎಷ್ಟೊತ್ತಿನ ಕೆಲಸ?”

“ತಣ್ಣಗಿರೋ ನೆಲಕ್ಕೆ ಒಂದು ದಿನದ ಮರಿ ಬಿಡ್ತೀಯಾ? ನಿನ್ನ ಮೊಮ್ಮಗೂನ ಬಂಡೆ ಮೇಲೆ ಮಲಗಿಸಿ, ಆಮೇಲೆ ಒಲೆ ಹಚ್ತೀಯಾ? ನಾಳೆ ಮರಿ ಸತ್ವು ಅಂತ ಇಲ್ಲೇ ಬಂದು ಮೀಸೆ ತಿರುವೋನು ನೀನೇ ತಾನೆ? ಇಲ್ಲ. ಇವತ್ತು ನಿಂಗೆ ಮರಿ ಇಲ್ಲ. ಗುರುವಾರ ಒಡೆಯೋದೆಲ್ಲ ನಿಂದು. ಮೂಲೆ ಮೂಲೆಗೂ ಕಾವು ಮುಟ್ಟಿಸಿಕೊಂಡು ಬಾ. ಇನ್ನು ಒಂದು ಮಾತಾಡಿದ್ರೆ ಗುರುವಾರದ್ದೂ ಇಲ್ಲ.”

ಎಷ್ಟು ದಿನವಾಗಿತ್ತು ಆ ಅಂಗಳದಲ್ಲಿ ‘ಇಲ್ಲ’ ಎಂಬ ಮಾತು ಕೇಳಿ. ಮೀಸೆಯವನು ತಲೆ ಕೆರೆದುಕೊಂಡ. “ಇದನ್ನ ಆ ಹತ್ತಿಯಣ್ಣ ಮೊನ್ನೇನೇ ಹೇಳಿದ್ರೆ ನಾನ್ಯಾಕಮ್ಮ ಡೀಸೆಲ್ ಸುಟ್ಕೊಂಡು ಬರ್ತಿದ್ದೆ? ಬಾಯಿ ಮಾತ್ರ ಇನ್ನೂ ಹಾಗೇ ಇಟ್ಕೊಂಡಿದೀಯ,” ಎಂದು ಗಾಡಿ ಹತ್ತಿದ. ಹತ್ತುವಾಗ ನಗುತ್ತಿದ್ದ.

ಆಗ ಮ್ಯಾನೇಜರು ಬಂದರು. ಗದ್ದಲ ಕೇಳಿ, ಅರ್ಧ ತಿಂದ ತಿಂಡಿ ಬಿಟ್ಟು ಎದ್ದು ಬಂದಿದ್ದರು.

“ಮತ್ತೆ ಜಗಳ! ಕತ್ತಲ ಕೋಣೆ ಬಿಟ್ಟು ಬರೋಕೆ ಯಾರು ಹೇಳಿದ್ರು? ಒಳಗೆ ಮೊಟ್ಟೆ ತಣ್ಣಗಾಗ್ತಿಲ್ವಾ?”

ಅದು ನಿಜ. ಮ್ಯಾನೇಜರು ದಾಪುಗಾಲು ಹಾಕಿ ಹೋಗಿ ಕತ್ತಲ ಕೋಣೆಯ ಬಾಗಿಲು ತೆರೆದರು. ಒಳಗೆ ದೀಪದ ಮೇಜಿನ ಮುಂದೆ ಹತ್ತಿಯಣ್ಣ ಕೂತಿದ್ದ. ಕೂಗಾಟ ತಾಳಲಾರದೆ ಅವಿತುಕೊಳ್ಳಲು ಓಡಿಬಂದವನು, ತಟ್ಟೆಗಳು ಕಾದಿರುವುದನ್ನು ಕಂಡು ಸುಮ್ಮನಿರಲಾರದೆ ಕೈ ಹಾಕಿದ್ದ. ಆಗಲೇ ಒಂದು ಸಾಲು ಮುಗಿಸಿದ್ದ. ಮುಖ ನೆಮ್ಮದಿಯಾಗಿತ್ತು. ತಿರುಗಿ ನೋಡದೆಯೇ ಹೇಳಿದ:

“ಬಾಗಿಲು ಹಾಕಿ ಸರ್. ಬೆಳಕು ಬರ್ತದೆ.”

ಅವನು ಯಾರಿಗಾದರೂ ಹೀಗೆ ಮಾಡು ಎಂದು ಹೇಳಿದ್ದನ್ನು ಆ ಹ್ಯಾಚರಿಯಲ್ಲಿ ಯಾರೂ ಕೇಳಿರಲಿಲ್ಲ. ಮ್ಯಾನೇಜರು ಬಾಗಿಲು ಹಾಕಿದರು. ಆಮೇಲೆ ಹಾಗೆ ಹಾಕಿದ್ದಕ್ಕೂ ಅವರಿಗೆ ಸಿಟ್ಟು ಬಂತು.

“ಇವತ್ತೊಂದು ದಿನ,” ಎಂದರು ಕೆಂಡಕ್ಕನಿಗೆ. “ನಾಳೆ ನಿನ್ನ ಜಾಗಕ್ಕೆ ನೀನು.”

ಅವಳು ಆಗಲೇ ತಿರುಗಿ ನಡೆದಿದ್ದಳು. ಗೇಟಿನಲ್ಲಿ ಇನ್ನೊಂದು ಗಾಡಿ ಅಡ್ಡಡ್ಡ ನಿಂತಿತ್ತು. ಅದನ್ನು ಬೈಯುವುದಿತ್ತು.

ಸಂಜೆ ಮನೆಗೆ ಹೋದಾಗ ಗಂಟಲು ಪೂರಾ ಕಟ್ಟಿತ್ತು. ಗಂಡ ಟೈರಿನ ನೆಪ ಸಿದ್ಧಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದವನು, ಕೂಗು ಬಾರದ್ದಕ್ಕೆ ಗಾಬರಿಯಾಗಿ ಒಳಗೇ ಉಳಿದ. ಅತ್ತೆ ತಟ್ಟೆ ಹಾಕಿದಳು. ಕೆಂಡಕ್ಕ ನಾಲ್ಕು ತುತ್ತು ಉಂಡಳು. ಮೈ ಮುರಿದು ಬಿದ್ದಿತ್ತು, ಮನಸ್ಸು ಹಗುರಾಗಿತ್ತು. ಆ ಹಗುರ ಗೊತ್ತಾದದ್ದೇ ತಡ, ಇಡೀ ದಿನ ಬಾರದಿದ್ದ ಸಿಟ್ಟು ಆಗ ಬಂತು. ತಟ್ಟೆ ತಳ್ಳಿದಳು.

“ಮೂರು ವರ್ಷ ಅತ್ತೆ!” ಎಂದಳು, ದನಿ ಹೊರಡದ ಗಂಟಲಲ್ಲಿ. “ಜನ ಆಗಿಬರಲ್ಲ ಅಂದ್ರು. ಅಂದೋರು ಅಂದ್ರು. ನಾನು ಕತ್ತೆ ಥರ ನಂಬಿ ಕೂತ್ನಲ್ಲ! ಇವರ ಮೇಲೆ ಕೂಗಿದೆ, ನಿಮ್ಮ ಮೇಲೆ ಕೂಗಿದೆ. ಆ ಗೂಟದ ಮೇಲೆ ಒಂದಿನಾನೂ ಕೂಗ್ಲಿಲ್ಲ.”

“ಗಂಟಲು ಬಂದ್ಮೇಲೆ ಕೂಗು,” ಎಂದಳು ಅತ್ತೆ, ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸುತ್ತ. “ಈಗ ಉಣ್ಣು. ನಾಳೆ ಬೇಕಾಗ್ತದೆ.”

ಮರುದಿನ ಬೆಳಿಗ್ಗೆ ಮ್ಯಾನೇಜರು ಬಾಗಿಲಲ್ಲೇ ನಿಂತು ಕತ್ತಲ ಕೋಣೆಯ ಕಡೆ ಕೈ ತೋರಿದರು. ಕೆಂಡಕ್ಕ ಆ ಕಡೆ ನೋಡಿದಳು. ಬಾಗಿಲು ಆಗಲೇ ಒಳಗಿನಿಂದ ಹಾಕಿತ್ತು; ಹತ್ತಿಯಣ್ಣ ಅಂಗಳದಲ್ಲಿ ಎಲ್ಲೂ ಇರಲಿಲ್ಲ. ಪೊರಕೆಯ ನೀಲಿ ರಿಬ್ಬನ್ನು ಈಗ ಹೊರಗೆ, ಬಾಗಿಲ ಹಿಡಿಗೆ, ಎರಡು ಗಂಟು ಹಾಕಿ ಕಟ್ಟಿತ್ತು.

“ನಿನ್ನೆ ಏನ್ ಹೇಳ್ದೆ ನಾನು?” ಎಂದರು ಮ್ಯಾನೇಜರು.

“ನನ್ನ ಜಾಗಕ್ಕೆ ನಾನು ಅಂದ್ರಿ ಸರ್,” ಎಂದಳು ಕೆಂಡಕ್ಕ, ಒಡಕು ದನಿಯಲ್ಲಿ. “ಅಲ್ಲಿಗೇ ಹೋಗ್ತಿದೀನಿ. ಬೇಡ ಅನ್ನೋದಾದ್ರೆ ಗೇಟಿನಾಚೆ ಕಳಿಸಿ. ಆ ಕೋಣೆಗೆ ಮಾತ್ರ ನಾನಿನ್ನು ಕಾಲಿಡಲ್ಲ.”

ಅವರು ಏನು ಹೇಳುವರೆಂದು ಅವಳು ಕಾಯಲಿಲ್ಲ. ಅಂಗಳದಲ್ಲಿ ಒಬ್ಬ ಡ್ರೈವರು ಡಬ್ಬದ ಗಾಳಿತೂತಿಗೆ ಡಬ್ಬ ಒತ್ತಿ ಪೇರಿಸುತ್ತಿದ್ದ. ಮಾಲೀಕರ ತಂಗಿಯ ಗಂಡ. ಅವಳನ್ನು ಕಂಡವನೇ ಮೊದಲು ಗಾಡಿಯ ಕೀಲಿಕೈ ತೆಗೆದು ಜೇಬಿನಲ್ಲಿಟ್ಟುಕೊಂಡ. ಆಮೇಲೆ ಮೇಲಿನ ಡಬ್ಬವನ್ನು ಕೆಳಗಿಳಿಸಿದ.