ಡಬ್ಬಿಗೆ ಬಾಯಿ ಹಾಕದ ಕೋಳಿಗಳು

ದೇವದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗದ್ದೆಮ್ಮನ ಹದಿನೇಳು ಕೋಳಿಗಳು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮೂರು ತಿಂಗಳು ಸತಾಯಿಸಿದವು. ಕೇಳಿದರೆ ನಗು ಬರುವ ಮಾತು. ಆದರೆ ಗದ್ದೆಮ್ಮನ ಹೊಟ್ಟೆಯಲ್ಲಿ ಗಡ್ಡೆಯೊಂದು ಬೆಳೆಯುತ್ತಿತ್ತು. ಕೋಳಿಗಳು ಆ ಡಬ್ಬಿಯಲ್ಲಿ ತಿನ್ನಲು ಕಲಿಯದ ಹೊರತು ತಾನು ಆಪರೇಷನ್ನಿಗೆ ಹೋಗುವುದಿಲ್ಲವೆಂದು ಆಕೆ ಹಟ ಹಿಡಿದಿದ್ದಳು. ಹಾಗಾಗಿ ಓಣಿಯವರಿಗೆ ಬಾಯಿತುಂಬ ನಗಲೂ ಆಗುತ್ತಿರಲಿಲ್ಲ.

ಮಗಳು ಸವಿತಾ ರಾಯಚೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಯವಳು. ಅವಳೇ ತಾಯಿಯನ್ನು ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಿದ್ದು. ಹದಿನೈದು ದಿನದೊಳಗೆ ಆಪರೇಷನ್ ಆಗಬೇಕು, ಆಮೇಲೆ ಒಂದು ತಿಂಗಳು ಊರಿಗೆ ಹೋಗುವಂತಿಲ್ಲ ಎಂದರು ಡಾಕ್ಟರು. ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿ ಮಂಚ ಹಿಡಿದಿದ್ದ ಗಂಡ ಯಮನೂರಪ್ಪನಿಗೆ ಎರಡು ಹೊತ್ತು ಉಣ್ಣಲು ಕೊಡುತ್ತೇನೆಂದು ಪಕ್ಕದ ಮನೆಯ ಮಹಬೂಬೀ ಒಪ್ಪಿದಳು. ಉಳಿದವು ಕೋಳಿಗಳು. ಮಹಬೂಬೀ ಬೆಳಗ್ಗೆ ಹತ್ತಿ ಬಿಡಿಸಲು ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ದಿನಕ್ಕೆ ಮೂರು ಸಲ ಕರೆದು, ಕಾಳು ಚೆಲ್ಲಿ, ನಾಯಿ ಅಟ್ಟುತ್ತಾ ಕೂರಲು ಆಕೆಗೆಲ್ಲಿಯ ಪುರುಸೊತ್ತು?

ಮಾರಿಬಿಡು ಎಂದಳು ಸವಿತಾ. ಆ ಮಾತಿಗೆ ಗದ್ದೆಮ್ಮ ಎರಡು ದಿನ ಮಗಳ ಫೋನ್ ಎತ್ತಲಿಲ್ಲ. ಮಾನ್ವಿ ಸೀಮೆಯ ಮಲ್ಲಟದಿಂದ ಲಗ್ನವಾಗಿ ಬರುವಾಗ ಆಕೆಯ ತಾಯಿ ಬುಟ್ಟಿಯಲ್ಲಿಟ್ಟು ಕಳಿಸಿದ ಒಂದು ಹ್ಯಾಟೆಯ, ಎಂದರೆ ಹೆಣ್ಣು ಕೋಳಿಯ, ಸಂತಾನ ಇವು. ತಾಯಿ ಹೋದಳು, ಅಣ್ಣತಮ್ಮಂದಿರು ದಿಕ್ಕಿಗೊಬ್ಬರಾದರು, ಮನೆ ಬಿತ್ತು. ತವರು ಅಂತ ಉಳಿದದ್ದು ಹಿತ್ತಲಲ್ಲಿ ಕೆದರುತ್ತಿದ್ದ ಇವಷ್ಟೇ.

ಸೋತ ಸವಿತಾ ಕೆಂಪು ತಟ್ಟೆಯ ಮೇಲೆ ಹಳದಿ ಕೊಡ ಕೂರಿಸಿದ, ಕಾಳು ತುಂಬಿಡುವ ಒಂದು ಫೀಡರ್ ಡಬ್ಬಿ ತಂದಳು. ಒಮ್ಮೆ ತುಂಬಿಟ್ಟರೆ ಎರಡು ದಿನಕ್ಕೆ ಯೋಚನೆಯಿಲ್ಲ, ತಿಂದಷ್ಟೂ ಕಾಳು ತಾನೇ ಕೆಳಗಿಳಿಯುತ್ತದೆ. ಮಹಬೂಬೀ ತುಂಬಿಟ್ಟು ಹೋದರೆ ಮುಗಿಯಿತು. ಕೋಳಿಗಳು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದವು. ಹುಂಜ ಹಾರಿ ಅದರ ನೆತ್ತಿಯ ಮೇಲೆ ಕೂತು ಹಿಕ್ಕೆ ಹಾಕಿತು. ಅಲ್ಲಿಗೆ ಅವುಗಳ ಅಭಿಪ್ರಾಯ ತಿಳಿದಂತಾಯಿತು.

ಕೈಯಿಂದ ಒಂದು ಕಾಳೂ ಹಾಕಬೇಡ, ಹಿತ್ತಲಿಗೆ ಬಲೆ ಕಟ್ಟು, ಹಸಿದರೆ ತಾವೇ ತಿನ್ನುತ್ತವೆ ಎಂದು ಸವಿತಾ ಹೇಳಿದ್ದಳು. ಗದ್ದೆಮ್ಮ ಬಲೆಯನ್ನೇನೋ ಕಟ್ಟಿದಳು. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಜೀವ ಹಸಿದು ಗೂಡು ಸೇರಬಾರದೆಂಬುದು ಆಕೆ ಹುಟ್ಟಿದಾಗಿನಿಂದ ಕಂಡ ರೀತಿ. ಮೊದಲ ವಾರ ದಿನಾ ಸಂಜೆ ಕದ್ದು ಒಂದು ಹಿಡಿ ಜೋಳ ಚೆಲ್ಲಿದಳು. ಸಂಜೆಯ ಹಿಡಿ ಕಾಯುವುದನ್ನು ಕೋಳಿಗಳು ಕಲಿತವೇ ಹೊರತು ಡಬ್ಬಿಯನ್ನಲ್ಲ. ಸವಿತಾಳಿಗೆ ಗೊತ್ತಾಗಿ ಫೋನಿನಲ್ಲೇ ಛೀಮಾರಿ ಹಾಕಿದಳು. ಗದ್ದೆಮ್ಮ ಕಣ್ಣೊರೆಸಿಕೊಂಡು ಕೈ ಬಿಗಿಹಿಡಿದು ಸಂಜೆಯ ಹಿಡಿಯನ್ನೂ ನಿಲ್ಲಿಸಿದಳು.

ಆದರೂ ಕೋಳಿಗಳು ಡಬ್ಬಿಗೆ ಬಾಯಿ ಹಾಕಲಿಲ್ಲ. ಆಕೆ ಬೆಳಗ್ಗೆ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗಿ, ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ ಕಾಳು ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು. ಒಂದು ಕೋಳಿಯನ್ನು ಎತ್ತಿ ಕೊರಳ ಮೇವಿನ ಚೀಲ ಒತ್ತಿ ನೋಡಿದರೆ ಅದು ಗಟ್ಟಿಯಾಗಿ ತುಂಬಿರುತ್ತಿತ್ತು. ಇರುವೆ, ಗೆದ್ದಲು ತಿಂದಿರಬೇಕು ಎಂದಳು ಮಹಬೂಬೀ. ಕೆಂಪು ಬಣ್ಣಕ್ಕೆ ಹೆದರಿರಬೇಕು ಎಂದೂ ಅವಳೇ ಹೇಳಿದಳು. ಗದ್ದೆಮ್ಮ ಡಬ್ಬಿಗೆ ಸೆಗಣಿ ಬಳಿದಳು. ಹಳೆಯ ಹ್ಯಾಟೆಯ ಕತ್ತು ಹಿಡಿದು ಕೊಕ್ಕನ್ನು ತಟ್ಟೆಯೊಳಗೆ ಒತ್ತಿದಳು. ಅದು ಕಣ್ಣು ಮುಚ್ಚಿಕೊಂಡಿತು. ಇತ್ತ ಗಂಡನ ಮಂಚದ ತಲೆದಿಕ್ಕಿನ ಜೋಳದ ಚೀಲ ಇಳಿಯುತ್ತಿದೆಯೆಂದು ಇಲಿಬೋನು ತಂದಿಟ್ಟಳು. ಒಂದು ಇಲಿಯೂ ಬೀಳಲಿಲ್ಲ.

ಯಮನೂರಪ್ಪನ ಮಂಚ ಹಿತ್ತಲ ಬಾಗಿಲಿಗೆ ಅಂಟಿಕೊಂಡೇ ಇತ್ತು. ತಿಂದವೇನು ಎಂದು ದಿನಾ ಸಂಜೆ ಕೇಳುವನು. ಇಲ್ಲವೆಂದರೆ, ಕಲಿಯುತ್ತವೆ ಬಿಡು, ಅವಸರವೇನು ಎನ್ನುವನು.

ಆಪರೇಷನ್ನಿನ ದಿನ ಒಮ್ಮೆ ಮುಂದೆ ಹೋಯಿತು, ಇನ್ನೊಮ್ಮೆ ಹೋಯಿತು. ಎಲ್ಲ ತಪ್ಪನ್ನೂ ಕೋಳಿಗಳ ಮೇಲೆ ಹಾಕುವುದು ನ್ಯಾಯವಲ್ಲ. ಗದ್ದೆಮ್ಮನಿಗೂ ಕತ್ತಿಯ ಹೆದರಿಕೆಯಿತ್ತು. ಡಬ್ಬಿಯ ಕಾಳು ಹಾಗೇ ಉಳಿದದ್ದು ಕಂಡಾಗ ಬೈಯುತ್ತಿದ್ದಳು ನಿಜ, ಒಳಗೊಳಗೆ ಇನ್ನೊಂದು ವಾರ ಸಿಕ್ಕಿತೆಂಬ ಸಮಾಧಾನವೂ ಆಗುತ್ತಿತ್ತು. ಆ ಸಮಾಧಾನಕ್ಕೆ ನಾಚಿಕೆಯನ್ನೂ ಪಡುತ್ತಿದ್ದಳು.

ಮೂರನೆಯ ತಿಂಗಳು ಆಕೆ ಹಂಚಿನ ಮುಂದೆ ಕೂರಲಾರದೆ ಖಾನಾವಳಿಯಲ್ಲೇ ಬಿದ್ದಳು. ಸವಿತಾ ಬಂದವಳು ಕೋಳಿಯ ಮಾತೆತ್ತಲು ಬಿಡದೆ ರಾಯಚೂರಿನ ಬಸ್ಸು ಹತ್ತಿಸಿದಳು.

ಅದೇ ಡಾಕ್ಟರು ಹೊಸ ಸ್ಕ್ಯಾನಿಂಗ್ ನೋಡಿದರು. ಮೂರು ತಿಂಗಳ ಹಿಂದೆ ಬಂದಿದ್ದರೆ ಎಂದು ಶುರು ಮಾಡಿ, ಸವಿತಾಳ ಮುಖ ಕಂಡು ನಿಲ್ಲಿಸಿದರು. ಗದ್ದೆಮ್ಮ ಪಟ್ಟು ಹಿಡಿದು ಕೇಳಿದಳು. ಗಡ್ಡೆ ಯಕೃತ್ತಿಗೂ ಹಬ್ಬಿದೆ, ಕೊಯ್ದು ಪ್ರಯೋಜನವಿಲ್ಲ, ಮನೆಯಲ್ಲೇ ಆರಾಮವಾಗಿರಿ, ನೋವಿಗೆ ಗುಳಿಗೆ ಕೊಡುತ್ತೇನೆ ಎಂದರು ಅವರು. ಎಷ್ಟು ದಿನ ಎಂದು ಆಕೆ ಕೇಳಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಸವಿತಾ ಅತ್ತಳು. ಅಪ್ಪನಿಗೆ ಹೇಳಬಾರದೆಂದು ಗದ್ದೆಮ್ಮ ಮಗಳಿಂದ ಆಣೆ ಮಾಡಿಸಿಕೊಂಡಳು.

ಮನೆ ಸೇರಿದಾಗ ಯಮನೂರಪ್ಪ ಬಾಗಿಲನ್ನೇ ನೋಡುತ್ತಾ ಕೂತಿದ್ದ. ಯಾವಾಗ ಕರೆದಿದ್ದಾರೆ ಎಂದು ಕೇಳಿದ.

"ಆಪರೇಷನ್ ಬ್ಯಾಡಂದ್ರು. ಮನ್ಯಾಗ ಇರು ಅಂದ್ರು," ಎಂದಳು ಗದ್ದೆಮ್ಮ.

ಅವನ ಮುಖ ಅರಳಿತು. ನೆಟ್ಟಗಿದ್ದ ಅರ್ಧ ಬಾಯಿಯಲ್ಲೇ ನಕ್ಕ, ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಎಡಗೈಯನ್ನು ಕೌದಿಯ ಕೆಳಗೆ ಹಾಕಿ ಒಂದು ಚೀಲ ಎಳೆದ. ಒಳಗೆ ಜೋಳವಿತ್ತು.

"ಸಿಟ್ಟಾಗಬ್ಯಾಡ. ನೀ ರೊಟ್ಟಿ ಬಡಿಯಾಕ ಹೋದ ಮ್ಯಾಲ ದಿನಾ ನಾನ ಇಲ್ಲಿಂದ ಕಾಳು ಚೆಲ್ಲತಿದ್ದೆ. ಅವು ಡಬ್ಬಿ ಕಲ್ತ್ರ ನೀ ಹೋಗಿಬಿಡತಿದ್ದಿ. ನಮ್ಮಕ್ಕ ದುರುಗಮ್ಮ ಹಂಗ ಆಪರೇಷನ್ನಿಗಿ ಹೋದಾಕಿ, ಚಾದರದಾಗ ಸುತ್ತಿ ತಂದ್ರು. ನೀನೂ ಹಂಗ ಬಂದ್ರ ನಾ ಏನ್ ಮಾಡ್ಲಿ? ನೋಡು, ದೇವರು ನನ್ನ ಮಾತ ಕೇಳ್ಯಾನ."

ಗದ್ದೆಮ್ಮನಿಗೆ ಆ ಚೀಲವನ್ನು ಕಿತ್ತು ಅವನ ಮುಖಕ್ಕೆ ಎರಚಬೇಕೆನಿಸಿತು. ಹಿಂದೆ ನಿಂತ ಸವಿತಾ ಬಾಯಿ ತೆರೆದಳು. ಗದ್ದೆಮ್ಮ ತಿರುಗಿ ನೋಡದೆಯೇ ಮಗಳ ಮುಂಗೈಯನ್ನು ಬಳೆ ಒಡೆಯುವಷ್ಟು ಗಟ್ಟಿಯಾಗಿ ಹಿಡಿದಳು. ಮೂರು ತಿಂಗಳು ಒಂದೇ ಕೈಯಲ್ಲಿ, ಬಿದ್ದ ಮೈಯನ್ನು ಮಂಚದ ಅಂಚಿನವರೆಗೆ ಎಳೆದುಕೊಂಡು ಅವನು ಕಾಳು ಚೆಲ್ಲಿದ್ದನ್ನು ನೆನೆದಾಗ ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂಬುದು ತಿಳಿಯದಾಯಿತು.

ಇನ್ನು ಆ ಡಬ್ಬಿ ಯಾರಿಗಾದರೂ ಕೊಟ್ಟುಬಿಡು ಎಂದ ಯಮನೂರಪ್ಪ.

ಗದ್ದೆಮ್ಮ ಅವನ ಕೈಯಿಂದ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇರಲಿ. ನಾಳಿಂದ ನೀವು ಚೆಲ್ಲಬ್ಯಾಡ್ರಿ. ಡಬ್ಬ್ಯಾಗ ತಿನ್ನೂದು ಕಲೀಲಿ."

"ಯಾಕ? ಇನ್ನ ನೀ ಎಲ್ಲಿಗೂ ಹೋಗಂಗಿಲ್ಲಲ್ಲ," ಎಂದು ಅವನು ನಗುತ್ತಲೇ ಕೇಳಿದ.

ಆಕೆ ಹಿತ್ತಲಿಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ಅಷ್ಟೂ ಜೋಳವನ್ನು ಒಳಗೆ ಸುರಿದಳು.