ತೆಗೆಸಿದ ಕಿಟಕಿ

ಪತ್ರಿಕಾ ಕಚೇರಿಯಲ್ಲಿ ಅವನಿಗೆ ‘ಅಲ್ಪವಿರಾಮ’ ಎಂದು ಅಡ್ಡಹೆಸರು. ಕರಡು ತಿದ್ದುವುದು ಅವನ ಕೆಲಸ. ಒಂದು ಪದಕ್ಕೆ ಎರಡು ಅರ್ಥ ಹೊರಡುವಂತಿದ್ದರೆ, ವರದಿಗಾರ ಊಟಕ್ಕೆ ಕೂತಿದ್ದರೂ ಬಿಡದೆ ಫೋನ್ ಮಾಡಿ ಕೇಳುತ್ತಿದ್ದ. ‘ಇವನ ಕೈಗೆ ಸಿಕ್ಕರೆ ಮದುವೆ ಕರೆಯೋಲೆಗೂ ಸ್ಪಷ್ಟೀಕರಣ ಕೊಡಬೇಕು’ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು; ಒಳಗೊಳಗೇ ಹೆಮ್ಮೆಯೂ ಇತ್ತು.

ಮನೆಯ ವಿಷಯದಲ್ಲಿ ಮಾತ್ರ ಒಂದು ನಿರ್ಧಾರಕ್ಕೆ ಬರುವುದು ಅವನಿಂದ ಆಗುತ್ತಿರಲಿಲ್ಲ. ಮನೆಗೆ ಬಣ್ಣ ಬಳಿಸಿ, ಪಕ್ಕದ ಖಾಲಿ ಜಾಗದಲ್ಲಿ ಹುಲ್ಲುಹಾಸು ಮಾಡಿಸಲು ಹೊರಟವನು ಕಂಡಕಂಡವರನ್ನೆಲ್ಲ ಕೇಳಿದ. ಷಡ್ಡಕ ಗೋಡೆಗೆ ಬೂದು ಬಣ್ಣ ಚೆನ್ನ ಎಂದ. ಕಚೇರಿಯಲ್ಲಿ ಪುಟ ಕಟ್ಟುವವನು, “ಬೂದು ಬಳಿದ್ರೆ ಅದು ಮನೆಯಲ್ಲ ಮಾರಾಯ, ಒಲೆ” ಎಂದ. ಇಬ್ಬರಿಗೂ ತಲೆಯಾಡಿಸಿ ಬಂದ. ಕೇಳದೆ ಬಿಟ್ಟಿದ್ದು ಒಬ್ಬಳನ್ನೇ, ಮನೆಯಲ್ಲೇ ಇದ್ದ ಅಕ್ಕನನ್ನು.

ಮನೆಯ ಒಂದು ಬದಿಯ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಆ ಕೋಣೆಗಿದ್ದ ಒಂದೇ ಕಿಟಕಿ ಖಾಲಿ ಜಾಗದ ಕಡೆಗಿತ್ತು. ಅದರ ಎರಡು ಬಾಗಿಲುಗಳಲ್ಲಿ ಒಂದು ಹಳೆಯ ಬಣ್ಣಕ್ಕೆ ಕಚ್ಚಿಕೊಂಡು ಬಿಗಿದಿತ್ತು. ಇನ್ನೊಂದರಲ್ಲೇ ಗಾಳಿ, ಬೆಳಕು, ವ್ಯವಹಾರ ಎಲ್ಲ. ಜಿಪ್ಪು ಹೋದ ಚೀಲ, ಉದ್ದವಾದ ಪ್ಯಾಂಟು ಹಿಡಿದುಕೊಂಡು ಜನ ಹೊರಗೆ ನಿಲ್ಲುತ್ತಿದ್ದರು.

“ಅಕ್ಕಾ, ಸೊಂಟ ಸ್ವಲ್ಪ ಬಿಚ್ಚಿ ಕೊಡಿ.”

“ನೀವು ಬಾಯಿ ಸ್ವಲ್ಪ ಕಟ್ಟಿ. ಸೊಂಟ ಬಿಚ್ಚೋದೇ ಬೇಡ.”

ಕಚೇರಿಯವರು ಮನೆಗೆ ಬಂದಾಗ ಗೇಟಿನಲ್ಲೇ ಊರವರ ಪ್ಯಾಂಟುಗಳ ದರ್ಶನವಾಗುವುದು ಅವನಿಗೆ ಮುಜುಗರ. ಅವನದೇ ಅಂಗಿಯ ಸವೆದ ಕಾಲರನ್ನು ಮಗುಚಿ ಹೊಲಿದುಕೊಡುತ್ತಿದ್ದವಳೂ ಅವಳೇ ಎನ್ನುವುದು ಆಗ ನೆನಪಾಗುತ್ತಿರಲಿಲ್ಲ.

ಕೊನೆಗೆ ಅವನು ಕೇಳಿದ್ದು ‘ಅಂಗಳದ ಮೇಡಂ’ ಅವರನ್ನು. ಮನೆ ಮತ್ತು ತೋಟದ ಬಗ್ಗೆ ಅವನ ಪತ್ರಿಕೆಗೇ ವಾರವಾರ ಸಲಹೆ ಬರೆಯುತ್ತಿದ್ದ ಹೆಂಗಸು. ಬಂದರು, ಸುತ್ತಿ ನೋಡಿದರು, ಅಕ್ಕನ ಕೋಣೆಯಲ್ಲಿ ಕೂತು ಬಹಳ ಹೊತ್ತು ನಗಾಡಿ ಹೋದರು. ಮಾರನೆಯ ದಿನ ಫೋನ್ ಬಂತು.

“ನಕ್ಷೆ ಮಾಡ್ತಾ ಇದೀನಿ. ಅಷ್ಟರಲ್ಲಿ ನೀವು ಅಕ್ಕನ ಕೋಣೆ ಕಿಟಕಿ ತೆಗೆಸಿಬಿಡಿ. ಅದಾಗದೆ ಅಂಗಳದ ಕೆಲಸ ಶುರು ಮಾಡೋ ಹಾಗೇ ಇಲ್ಲ.”

ಕಚ್ಚಿಕೊಂಡ ಬಾಗಿಲನ್ನು ತೆರೆಸುವುದೂ ತೆಗೆಸುವುದೇ. ಚೌಕಟ್ಟಿನ ಸಮೇತ ಕೀಳಿಸುವುದೂ ತೆಗೆಸುವುದೇ. ಮೊದಲ ಅರ್ಥ ಅವನಿಗೆ ತಕ್ಷಣ ಹೊಳೆಯಿತು. ಎರಡನೆಯದು ಅದರ ಬೆನ್ನಿಗೇ ಬಂದು ಗಟ್ಟಿಯಾಗಿ ಕೂತುಬಿಟ್ಟಿತು. ಯಾವುದು ಎಂದು ಕೇಳಲು ಬಾಯಿ ತೆರೆದವನು, “ಆಗಲಿ ಮೇಡಂ” ಎಂದಷ್ಟೇ ಹೇಳಿ ಫೋನ್ ಇಟ್ಟ.

ತಂಗಿಯ ಮನೆಗೆ ಅಕ್ಕ ಹೋಗಿದ್ದ ಹೊತ್ತು ನೋಡಿ ಗಾರೆಯವನನ್ನು ಕರೆಸಿದ.

“ಮೇಡಂ ಹಾಗಂದ್ರಾ?” ಎಂದು ಹೆಂಡತಿ ಕೇಳಿದಳು.

“ತೆಗೆಸಿ ಅಂದ್ರು.”

“ತೆಗೆಸಿ ಅಂದ್ರೆ... ಒಂದ್ಸಲ ಕೇಳಿ ನೋಡಬಾರದಾ?”

“ದಿನಾ ಅದೇ ಕೆಲಸ ಮಾಡೋನು ನಾನು. ನನಗೆ ಪದದ ಅರ್ಥ ಹೇಳ್ಕೊಡ್ತೀಯಾ?”

ಹೆಂಡತಿ ಅವನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು. ಆ ನೋಟವನ್ನು ಅವನು ಕಂಡೂ ಕಾಣದಂತಿದ್ದ.

ಅಕ್ಕ ವಾಪಸು ಬರುವಷ್ಟರಲ್ಲಿ ಕಿಟಕಿಯ ಜಾಗದಲ್ಲಿ ಇಟ್ಟಿಗೆ ಕೂತು, ಮೇಲೆ ಬೂದು ಬಣ್ಣವೂ ಬಿದ್ದಿತ್ತು. ಅವಳು ಚೀಲ ಕೆಳಗಿಟ್ಟು ಗೋಡೆಯನ್ನು ಅಂಗೈಯಿಂದ ಸವರಿದಳು, ಬಟ್ಟೆಯ ಸುಕ್ಕು ಬಿಡಿಸುವವಳಂತೆ.

“ಇಲ್ಲೊಂದು ಕಿಟಕಿ ಇತ್ತಲ್ಲೋ.”

“ಮೇಡಂ ತೆಗೆಸಿ ಅಂದ್ರು ಅಕ್ಕ. ನನಗೆ ಹಾಗೇ ಕೇಳಿಸ್ತು.”

“ಹೌದಾ. ತಿಳಿದೋರು, ಏನೋ ಲೆಕ್ಕ ಇರುತ್ತೆ ಬಿಡು.”

ಟ್ಯೂಬ್‌ಲೈಟ್ ಹಾಕಿಕೊಂಡು ಯಂತ್ರದ ಮುಂದೆ ಕೂತಳು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಕಣ್ಣು ಕಿರಿದು ಮಾಡಿ, ಬಟ್ಟೆಯನ್ನು ಮೂಗಿನ ತನಕ ಎತ್ತಿ ಹಿಡಿಯುತ್ತಿದ್ದಳು. ಗಿರಾಕಿಗಳಿಗೆ ಕಿಟಕಿ ಇಲ್ಲದೆ ಮುಂಬಾಗಿಲೇ ದಾರಿಯಾಯಿತು. ಹೊಸ ಸೋಫಾದ ಮೇಲೆ ಈಗ ಯಾರ್‍ಯಾರದೋ ಪ್ಯಾಂಟುಗಳು ಸರದಿಗೆ ಕಾದು ಕೂತಿರುತ್ತಿದ್ದವು. ಬರುಬರುತ್ತ ಒಳಗೆ ಬರಲು ಸಂಕೋಚಪಟ್ಟು ಜನ ಕಡಿಮೆಯಾದರು. ಯಂತ್ರದ ಸದ್ದೂ ಕಡಿಮೆಯಾಯಿತು.

ಮೇಡಂ ನಕ್ಷೆ ಹಿಡಿದು ಬಂದರು. ಗೇಟಿನಿಂದ ಕಲ್ಲು ಹಾಸಿನ ಕಾಲುದಾರಿ, ಅದರ ಕೊನೆಗೆ ನೆರಳಿಗೊಂದು ಬಳ್ಳಿ, ಬಳ್ಳಿಯ ಕೆಳಗೆ ಬೆಂಚು. ಬೆಂಚಿನ ಮೇಲೆ, ಎರಡೂ ಬಾಗಿಲು ತೆರೆದ ಕಿಟಕಿ. ಇಡೀ ಅಂಗಳ ಆ ಕಿಟಕಿಗೆ ಮುಖ ಮಾಡಿತ್ತು.

“ಬಂದೋರು ಆರಾಮಾಗಿ ಕೂತ್ಕೊಳ್ಳಿ ಅಂತ ಬೆಂಚು. ಎಲ್ರೀ ಕಿಟಕಿ?”

“ನೀವೇ... ತೆಗೆಸಿ ಅಂದ್ರಿ.”

ಮೇಡಂ ಗೋಡೆ ನೋಡಿದರು, ಅವನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ದೇವರೇ! ಬಿಗಿದಿರೋ ಬಾಗಿಲು ತೆಗೆಸಿ ಅಂದಿದ್ದು ಕಣ್ರೀ! ಅಲ್ಪವಿರಾಮಕ್ಕೇ ಅರ್ಥ ತಪ್ಪಿತಾ? ಮುಂದಿನ ವಾರ ಇದನ್ನೇ ಬರೀತೀನಿ. ನಿಮ್ಮ ಹೆಸರು ಹಾಕಲ್ಲ, ಹೆದರಬೇಡಿ.”

ಅವನೂ ನಕ್ಕ. ಒಳಗೆ ಯಂತ್ರದ ಸದ್ದು ನಿಂತದ್ದು ಅವನಿಗೆ ಕೇಳಿಸಿತು.

ಅಂಕಣದ ಕರಡು ಅವನ ಮೇಜಿಗೇ ಬಂತು. ‘ನಮ್ಮ ಪರಿಚಿತರೊಬ್ಬರು ನನ್ನ ಮಾತನ್ನು ತಪ್ಪಾಗಿ ತಿಳಿದು’ ಎಂದು ಶುರುವಾಗುತ್ತಿತ್ತು. ಕಾಗುಣಿತದ ದೋಷವಿಲ್ಲ, ವಾಕ್ಯವೂ ಚೊಕ್ಕ. ಪುಟ ಕಟ್ಟುವವನು ಭುಜದ ಮೇಲಿಂದ ಇಣುಕಿ, “ಯಾವನಪ್ಪ ಈ ಮಹಾನುಭಾವ?” ಎಂದು ಕಿಸಕ್ಕನೆ ನಕ್ಕ.

ಅವನು ‘ತಪ್ಪಾಗಿ ತಿಳಿದು’ ಎಂಬುದರ ಕೆಳಗೆ ಗೆರೆ ಎಳೆದು, ಮೇಡಂಗೆ ಫೋನ್ ಮಾಡಿದ.

“ಒಂದು ತಪ್ಪಿದೆ ಮೇಡಂ.”

“ಒತ್ತಕ್ಷರಾನಾ?”

“ಅಲ್ಲ, ವಿಷಯ. ಆ ಮನುಷ್ಯ ತಪ್ಪಾಗಿ ತಿಳಿಯಲಿಲ್ಲ. ನೀವು ಹೇಳಿದ್ದು ಯಾವ ಅರ್ಥದಲ್ಲಿ ಅಂತ ಅವನಿಗೆ ಗೊತ್ತಿತ್ತು.”

ಕೋಣೆಯಲ್ಲಿ ಕೀಲಿಮಣೆಗಳ ಸದ್ದು ಒಂದೊಂದಾಗಿ ನಿಂತಿತು. ಪುಟ ಕಟ್ಟುವವನು ತನ್ನ ಕುರ್ಚಿಗೆ ಸದ್ದಿಲ್ಲದೆ ಹೋಗಿ ಕೂತ.

“ಹಾಗಾದ್ರೆ ಇದು ನಗೋ ವಿಷಯ ಅಲ್ಲ,” ಎಂದರು ಮೇಡಂ. “ಆ ಬರಹ ತೆಗೆದುಬಿಡಿ.”

ಈ ಸಲ ಅರ್ಥ ಒಂದೇ ಇತ್ತು. ತೆಗೆದ.

ಮನೆಗೆ ಬಂದು ಚಪ್ಪಲಿ ಬಿಟ್ಟವನೇ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ. ಅವಳು ದೀಪದ ಕೆಳಗೆ ಬಗ್ಗಿ ಅಂಚು ಮಡಚುತ್ತಿದ್ದಳು.

“ಅಕ್ಕ, ಗೋಡೆ ಒಡೆಸ್ತೀನಿ. ಕಿಟಕಿ ಹೇಗಿರಬೇಕು, ನೀನು ಹೇಳು.”

“ನನ್ನ ಕೇಳ್ತಾ ಇದೀಯಾ?” ಅವಳು ತಲೆ ಎತ್ತಲಿಲ್ಲ. “ಹೇಳೋರು ಬೇಕಾದಷ್ಟು ಜನ ಇದಾರಲ್ಲ ನಿನಗೆ.”

“ಅವತ್ತು ಮೇಡಂ ಹೇಳಿದ್ದು ನನಗೆ...”

“ಗೊತ್ತು ಬಿಡೋ. ಚಿಕ್ಕವನಿದ್ದಾಗಿಂದ ಕಿವಿ ಚುರುಕು ನಿಂದು.” ಹಲ್ಲಿನಲ್ಲಿ ದಾರ ಕಡಿದಳು. “ಸ್ವಲ್ಪ ಆ ಕಡೆ ಸರಿ. ಬೆಳಕಿಗೆ ಅಡ್ಡ ನಿಂತಿದೀಯ.”

ಅವನು ಸರಿದು ನಿಂತ.