ಗೋಡೆಯ ಕಂಡಿ

“ಪೆಟ್ಟಿಗೆ ತಗ್ಗಿಸಿ, ತಲೆ ಜೋಪಾನ,” ಎನ್ನುತ್ತ ಭಾವನವರು ಕಂಡಿಯೊಳಗೆ ಮೊದಲು ತಾವೇ ಒಂದು ಕಾಲಿಟ್ಟರು. ರೈಲು ಹಳಿಯ ಗುಂಟ ಕಟ್ಟಿದ್ದ ಗೋಡೆ ಅಲ್ಲಿ ಕುಸಿದು ಆಳೆತ್ತರದ ಬಾಯಿ ತೆರೆದಿತ್ತು. ಹಳಿ ದಾಟಿದರೆ ಎದುರಿಗೇ ಸ್ಮಶಾನ. ಮೇಲ್ಸೇತುವೆಗೆ ಬಳಸಿ ಹೋದರೆ ದಾರಿ ದೂರ, ಏರು ಬೇರೆ.

ಗಂಡನ ಶವಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದ ಹೆಂಡತಿ ಥಟ್ಟನೆ ನಿಂತಳು.

“ಇಲ್ಲಿಂದ ಬೇಡ, ಭಾವ.”

“ಎಲ್ಲರೂ ಇಲ್ಲೇ ಓಡಾಡ್ತಾರಮ್ಮ. ಹೊತ್ತವರ ಹೆಗಲು ಸ್ವಲ್ಪ ನೋಡು.”

“ಎಲ್ಲರೂ ಓಡಾಡ್ತಾರೆ ಅಂತಾನೇ ನಿಮ್ಮ ತಮ್ಮ ಅಷ್ಟು ಬಡ್ಕೊಂಡಿದ್ದು.”

“ಅವನಿಗೆ ಇನ್ನೇನು ರೈಲು ಬಡಿಯುತ್ತಾ?” ಎಂದು ಹಿಂದಿನಿಂದ ಯಾರೋ ಗೊಣಗಿದರು. ನಗು ಬಂದವರು ಕೆಮ್ಮಿದರು.

*

ಅವನದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕೊಟ್ಟು ತನ್ನ ಕಣ್ಣನ್ನು ರೈಲಿಗೆ ಕೊಟ್ಟಿದ್ದಾನೆ ಎಂಬುದು ನೆರೆಹೊರೆಯವರ ಚೇಷ್ಟೆ. ಸಂಜೆ ಅಂಗಡಿಯ ಬಾಗಿಲೆಳೆದವನೇ ಕ್ಯಾಮೆರಾ ಹೆಗಲಿಗೇರಿಸಿ ರೈಲುಗಳ ಚಿತ್ರ ತೆಗೆಯಲು ಮೇಲ್ಸೇತುವೆಗೆ ಹೊರಡುತ್ತಿದ್ದ. ಅಲ್ಲಿ ಅವನಂಥದೇ ಹುಚ್ಚಿನ ನಾಲ್ಕೈದು ಗೆಳೆಯರು.

“ನನ್ನನ್ನ ಯಾಕೆ ಕಟ್ಕೊಂಡ್ರಿ? ಯಾವುದಾದ್ರೂ ಇಂಜಿನ್ನನ್ನೇ ಮದುವೆ ಆಗ್ಬಹುದಿತ್ತು.”

“ಅದು ಹೊತ್ತಿಗೆ ಸರಿಯಾಗಿ ಬರಲ್ವಲ್ಲೇ!”

ಒಂದು ಸಂಜೆ ಅವಳೂ ಜೊತೆಗೆ ಹೋದಳು. ಸೇತುವೆಯ ಕೆಳಗೆ ಗೂಡ್ಸ್ ಗಾಡಿ ಹಾಯುತ್ತಿತ್ತು. ಅವಳಿಗೆ ಬರೀ ಗದ್ದಲ. ಅವನಿಗೆ ಒಂದು ಚಕ್ರದ ಬುಡದಿಂದ ಏಳುತ್ತಿದ್ದ ಹೊಗೆ ಕಂಡಿತು. ಕ್ಯಾಮೆರಾ ಬಿಟ್ಟು ರೈಲ್ವೆಯವರಿಗೆ ಫೋನ್ ಹಚ್ಚಿದ. ಮುಂದಿನ ನಿಲ್ದಾಣದಲ್ಲಿ ಗಾಡಿಯನ್ನು ತಡೆದರು. ಅಂದಿನಿಂದ ಅವಳು ಗೇಲಿ ಮಾಡುವುದನ್ನು ಬಿಟ್ಟಳು.

ಗೋಡೆ ಬಿದ್ದಾಗಲೂ ಅವನು ತಿಳಿಸಿದ. ಓಡುವ ಗಾಡಿಯನ್ನು ನಿಲ್ಲಿಸಬಲ್ಲ ಇಲಾಖೆಗೆ ಬಿದ್ದ ಗೋಡೆಯನ್ನು ನಿಲ್ಲಿಸಲಾಗಲಿಲ್ಲ. ಶಾಲೆಯ ಹುಡುಗಿಯೊಬ್ಬಳು ಹಳಿಯ ನಡುವೆ ಎಡವಿ, ಚಪ್ಪಲಿ ಬಿಟ್ಟು ಕೂದಲೆಳೆಯಲ್ಲಿ ಪಾರಾದ ದಿನ ಅವನು ಕಚೇರಿಗೇ ಹೋದ. “ಗಮನಕ್ಕೆ ಬಂದಿದೆ” ಎಂದರು. ಗಮನ! ಕುರ್ಚಿಯಲ್ಲಿ ಕೂತವರ ಗಮನಕ್ಕೆ ಬಂದದ್ದು ಅವರ ಕೈಗಿಳಿಯಬೇಕಾದರೆ ಯಾರ ಮನೆಯ ಮಗು ಸಾಯಬೇಕು?

ಹಾಸಿಗೆ ಹಿಡಿದ ಮೇಲೂ ಅವನು ಕೇಳುತ್ತಿದ್ದುದು ಒಂದೇ: “ಕಂಡಿ ಮುಚ್ಚಿದ್ರಾ?” ಕೊನೆಯ ದಿನ ಅವಳು, “ಮುಚ್ಚಿದ್ರು ಕಣ್ರೀ,” ಎಂದಳು. ಅವನು ನೆಮ್ಮದಿಯಿಂದ ಮಗ್ಗುಲಾದ.

*

“ಇಳಿಸಿ,” ಎಂದಳು ಹೆಂಡತಿ. “ಇಲ್ಲೇ. ಕಂಡಿಗೆ ಅಡ್ಡ.”

ಭಾವನವರ ಮುಖ ಕೆಂಪಾಯಿತು. “ಹೆಣ ದಾರೀಲಿಟ್ಟು ಹಟ ಮಾಡ್ತಾರೇನಮ್ಮ? ನೋಡಿದವರು ಏನಂದಾರು?”

“ಅನ್ನಲಿ. ನಿಮ್ಮ ತಮ್ಮನಿಗಿನ್ನು ಅವಸರ ಇಲ್ಲ.”

ಹೊತ್ತವರೆಲ್ಲ ಸೇತುವೆಯ ಗೆಳೆಯರೇ. “ಅತ್ತಿಗೆ ಹೇಳಿದ್ಮೇಲೆ ಮುಗೀತು,” ಎಂದ ಅವರಲ್ಲಿ ಹಿರಿಯ. ಪೆಟ್ಟಿಗೆ ನೆಲಕ್ಕಿಳಿಯಿತು.

ಹೂಗುಚ್ಛ ಹಿಡಿದು ಬಂದಿದ್ದ ರೈಲ್ವೆ ಇಂಜಿನಿಯರು ಗುಂಪನ್ನು ಸರಿಸಿ ಮುಂದೆ ಬಂದರು. “ಅಮ್ಮಾ, ಮುಂದಿನ ವಾರ ಖಂಡಿತ ಕಟ್ಟಿಸ್ತೀವಿ. ಈಗ ದೊಡ್ಡ ಮನಸ್ಸು ಮಾಡಿ.”

“ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ತೀರಾ? ಇದು ಶಾಲೆ ಬಿಡೋ ಹೊತ್ತು. ಹೂವು ಕೆಳಗಿಡಿ ಸ್ವಾಮಿ, ಫೋನ್ ತೆಗೀರಿ.”

ಇಂಜಿನಿಯರು ಕನ್ನಡಕ ತೆಗೆದು ಒರೆಸಿದರು. ಸತ್ತವನೇ ಅಳತೆ ನೋಡಿ ಮಾಡಿಕೊಟ್ಟ ಕನ್ನಡಕ. ಮತ್ತೆ ಹಾಕಿಕೊಂಡು ಫೋನ್ ಹಚ್ಚಿದರು. “ಹೌದು, ಈಗಲೇ. ಇಟ್ಟಿಗೆ ಇಲ್ದಿದ್ರೆ ತಗಡು ತನ್ನಿ, ತಂತಿ ತನ್ನಿ... ಇಲ್ಲ, ನೀವು ಬರೋವರೆಗೂ ನಾನು ಇಲ್ಲೇ ನಿಂತಿರ್ತೀನಿ.”

ಶಾಲೆಯ ಗಂಟೆ ಕೇಳಿಸಿತು. ಓಣಿಯ ತುದಿಯಿಂದ ಓಡಿಬಂದ ಹುಡುಗಿಯರ ಹಿಂಡು ಪೆಟ್ಟಿಗೆಯನ್ನು ಕಂಡು ತಡವರಿಸಿತು. ಮುಂದಿದ್ದವಳು ಪೆಟ್ಟಿಗೆಯನ್ನೂ ಅದರಾಚೆಯ ಹಳಿಯನ್ನೂ ನೋಡಿದಳು. ಅವಳು ಚೀಲವನ್ನು ಮೇಲಕ್ಕೆ ಎಳೆದುಕೊಂಡು ಸೇತುವೆಯ ಕಡೆ ತಿರುಗಿದಳು, ಉಳಿದವರು ಹಿಂಬಾಲಿಸಿದರು.

ಅವರು ಏರು ಹತ್ತುವಷ್ಟರಲ್ಲಿ ರೈಲು ಬಂತು. ಅದರ ಗಾಳಿಗೆ ಪೆಟ್ಟಿಗೆಗೆ ಹೊದಿಸಿದ್ದ ಬಿಳಿಯ ಬಟ್ಟೆ ಎದ್ದು ಪಟಪಟ ಬಡಿಯಿತು. ಭಾವನವರು ಬಾಗಿ ಅದರ ಅಂಚನ್ನು ಎರಡೂ ಅಂಗೈಗಳಿಂದ ಒತ್ತಿ ಹಿಡಿದರು. ಮೇಲೆ, ಸೇತುವೆಯ ಕಂಬಿಗಳ ನಡುವೆ, ಶಾಲೆಯ ಚೀಲಗಳು ಒಂದರ ಹಿಂದೊಂದು ಸಾಗುತ್ತಿದ್ದವು.